ಬೇಕಲ ಕೋಟೆಯ ವರ್ಚುವಲ್ ನೋಟಕ್ಕೆ ಕಿರಣವೇ, ಬರಿಗೈಯೇ?

ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೆ ಬೇಕಲ ಕೋಟೆಯನ್ನು ವರ್ಚುವಲ್ ರಿಯಾಲಿಟಿಯಲ್ಲಿ, ಅಂದರೆ ಕಣ್ಣಿಗೆ ಧರಿಸುವ ಸಾಧನದೊಳಗಿನ ಕೃತಕ ಲೋಕದಲ್ಲಿ, ತೋರಿಸಬಯಸುವವರು, ಅಲ್ಲಿನ ವಸ್ತುಗಳನ್ನು ಮಗು ಹೇಗೆ ಮುಟ್ಟಬೇಕೆಂಬುದನ್ನು ಮೊದಲು ನಿರ್ಧರಿಸಬೇಕು.

ಕೈಯಲ್ಲಿ ಹಿಡಿಯುವ ಕಂಟ್ರೋಲರಿನಿಂದ ಹೊರಡುವ ಕಿರಣದಿಂದ ಗುರಿಯಿಟ್ಟು ಆರಿಸುವ ವಿಧಾನವು ದೂರದ ಬುರುಜನ್ನೂ ತಲುಪುತ್ತದೆ, ತೋಳಿಗೆ ದಣಿವೂ ಕಡಿಮೆ. ಆದರೆ ಮಣಿಕಟ್ಟು ಒಂದೇ ಡಿಗ್ರಿ ತಿರುಗಿದರೂ 10 ಮೀಟರ್ ದೂರದಲ್ಲಿ ಕಿರಣದ ತುದಿ ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ, ಗುಂಡಿ ಒತ್ತುವ ಕ್ಷಣದಲ್ಲೇ ಕೈ ಅಲುಗುವುದರಿಂದ ಸಣ್ಣ ಗುರಿಗಳು ತಪ್ಪಿಹೋಗುತ್ತವೆ. ಬರಿಗೈಯನ್ನೇ ಕ್ಯಾಮೆರಾ ಗುರುತಿಸುವ ವಿಧಾನದಲ್ಲಿ ಮಕ್ಕಳಿಗೆ ಹೇಳಿಕೊಡಬೇಕಾದದ್ದು ಬಹಳ ಕಡಿಮೆ. ಆದರೆ ಹಿಡಿದ ವಸ್ತುವಿನ ಸ್ಪರ್ಶ ಬೆರಳಿಗೆ ಸಿಗುವುದಿಲ್ಲ, ಒಂದು ಕೈ ಇನ್ನೊಂದನ್ನು ಮರೆಮಾಡಿದರೆ ಹಿಡಿತವೇ ಕಳಚಬಹುದು. ಕೈಗೆಟುಕದ ವಸ್ತುಗಳಿಗೆ ಇನ್ನೊಂದು ದಾರಿಯೂ ಇದೆ: 1996ರಲ್ಲಿ ಪ್ರಕಟವಾದ ಗೋ-ಗೋ ವಿಧಾನದಲ್ಲಿ, ತೋಳನ್ನು ಒಂದು ಮಿತಿಗಿಂತ ಹೆಚ್ಚು ಚಾಚಿದಾಗ ವರ್ಚುವಲ್ ಕೈ ಇನ್ನೂ ವೇಗವಾಗಿ ಮುಂದೆ ಸಾಗುತ್ತದೆ.

ಚಲನೆಗೆ ಟೆಲಿಪೋರ್ಟ್, ಅಂದರೆ ಆರಿಸಿದ ಜಾಗಕ್ಕೆ ಒಮ್ಮೆಲೇ ಜಿಗಿಯುವುದು, ಸಾಕು. ಜಾಯ್‌ಸ್ಟಿಕ್ಕಿನಿಂದ ತೇಲಿಸಿದರೆ ಕಣ್ಣಿಗೆ ಕಂಡ ಚಲನೆಯು ಒಳಗಿವಿಗೆ ತಿಳಿಯದೆ, ಘಟ್ಟದ ಬಸ್ಸಿನಲ್ಲಾಗುವಂತೆ ಹಲವು ಮಕ್ಕಳಿಗೆ ತಲೆಸುತ್ತು ಬರುತ್ತದೆ.

ಕೋಟೆಯ ನೋಟಕ್ಕೆ ನಾನು ಕಿರಣವನ್ನೇ ಆರಿಸಿ, ಗುರಿಗಳನ್ನು ದೊಡ್ಡದಾಗಿಡುತ್ತೇನೆ. ಯಕ್ಷಗಾನದ ಕಿರೀಟವನ್ನು ಬಿಡಿಬಿಡಿಯಾಗಿ ಜೋಡಿಸುವ ಪಾಠವಾದರೆ ಬರಿಗೈಯೇ ಮೇಲು.