ಬಾಡಿಗೆಯ ಹೈಬ್ರಿಡ್ ಗಾಡಿ: ಕಿಲೋಮೀಟರಿಗೆ 3 ರೂಪಾಯಿ ಜಾಸ್ತಿ ಕೊಟ್ಟಿದ್ದು ಸರೀನಾ?

ಡಿಸೆಂಬರ್ ಮೊದಲ ವಾರ ಬೆಳಗಾವಿಯಲ್ಲಿ ಸೋದರಮಾವನ ಮಗಳ ಮದುವೆ ಇತ್ತು. ಹೆಂಗೂ ಹೊರಟಿದ್ದೀವಿ, ಅವ್ವನಿಗೆ ಕೂಡಲಸಂಗಮ ಆಯ್ತು, ಮಕ್ಕಳಿಗೆ ಐಹೊಳೆ, ಪಟ್ಟದಕಲ್ಲು, ಬಾದಾಮಿ ಆಯ್ತು, ಎಲ್ಲ ಮುಗಿಸ್ಕೊಂಡೇ ಹೋಗೋಣ ಅಂತ ವಿಜಯಪುರದಲ್ಲೇ ಒಂದು ಟ್ರಾವೆಲ್ಸ್‌ನಲ್ಲಿ ಗಾಡಿ ಕೇಳಿದೆ. ಮಾಲಕರು ಎರಡು ರೇಟು ಹೇಳಿದರು. ಡೀಸೆಲ್ ಇನ್ನೋವಾ ಕ್ರಿಸ್ಟಾ ಆದರೆ ಕಿಲೋಮೀಟರಿಗೆ 18 ರೂಪಾಯಿ, ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟರೂ ಇರೋ ಹೈಬ್ರಿಡ್ ಇನ್ನೋವಾ ಹೈಕ್ರಾಸ್ ಆದರೆ 21. ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ, ಡ್ರೈವರ್ ಬತ್ತಾ 500, ಟೋಲ್ ನಮ್ಮದು.

ನನಗೆ ಅಲ್ಲೇ ತಲೆ ಕೆಡ್ತು. ಮೈಲೇಜ್ ಜಾಸ್ತಿ ಕೊಡೋ ಗಾಡಿಗೆ ಬಾಡಿಗೆಯೂ ಜಾಸ್ತಿ ಯಾಕೆ? ಕೇಳಿದ್ದಕ್ಕೆ ಮಾಲಕರು, "ಮೊದಲ ಹೋಗಿ ಬರ್ರಿ ಸರ್, ಲೆಕ್ಕ ಆಮ್ಯಾಲೆ ಮಾತಾಡೋಣ" ಅಂದರು. ಸರಿ ನೋಡೇ ಬಿಡೋಣ ಅಂತ ಹೈಬ್ರಿಡ್ ತಗೊಂಡೆ. ಹೊರಡೋವಾಗ ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಫೋಟೋ ಹೊಡೆದಿಟ್ಟುಕೊಂಡೆ. 72,000 ದಾಟಿತ್ತು.

ಕೂತ್ಕೊಂಡು ಹೋಗೋರಿಗೆ ಈ ಗಾಡಿ ಬಹಳ ಚೆನ್ನ. ವಿಜಯಪುರ ಬಿಡೋದ್ರೊಳಗೆ ಒಂದು ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಸುಮ್ಮನಾಯಿತು, ಅವ್ವ ಗಾಬರಿಯಾಗಿ "ಯಾಕೋ, ಗಾಡಿ ಬಂದ್ ಬಿತ್ತೇನ?" ಅಂದಳು. ಎಸಿ ಮಾತ್ರ ಬರ್ತಾನೇ ಇತ್ತು. ಇದರಲ್ಲಿ ಎಸಿ ಕಂಪ್ರೆಸರ್ ಕರೆಂಟಿನ ಮೇಲೆ ಓಡುತ್ತೆ, ಇಂಜಿನ್ ಬೆಲ್ಟ್ ಮೇಲಲ್ಲ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಯಾರನ್ನೋ ಕಾಯ್ತಾ ಗಾಡಿಯಲ್ಲೇ ಕೂತಿರೋ ಡ್ರೈವರ್‌ಗಳಿಗೆ ಇದರ ಬೆಲೆ ಗೊತ್ತು. ಹಾಗಂತ ಪುಕ್ಕಟೆ ಏನಲ್ಲ. ಬ್ಯಾಟರಿ ಇಳಿದ ಕೂಡಲೇ ಇಂಜಿನ್ ತಾನೇ ಎದ್ದು ಚಾರ್ಜ್ ಮಾಡುತ್ತೆ. ಪ್ಲಗ್ ಹಾಕೋ ಗಾಡಿ ಅಲ್ಲ ಇದು. ಎಲ್ಲ ಶಕ್ತಿ ಬರೋದು ಪೆಟ್ರೋಲಿಂದಲೇ, ಬ್ರೇಕ್ ಹಾಕಿದಾಗ ಸುಮ್ನೆ ಹೋಗ್ತಿದ್ದುದನ್ನು ಸ್ವಲ್ಪ ವಾಪಸ್ ಹಿಡಿದಿಟ್ಟುಕೊಳ್ಳುತ್ತೆ, ಅಷ್ಟೇ.

ಇದರ ನಿಜವಾದ ಆಟ ನೋಡಿದ್ದು ಎರಡನೇ ದಿನ, ಬಾದಾಮಿಯಿಂದ ಬೆಳಗಾವಿಗೆ ಹೋಗೋವಾಗ. ಲೋಕಾಪುರದ ಕಡೆಯಿಂದ ಶುರು, ಕಬ್ಬಿನ ಟ್ರ್ಯಾಕ್ಟರ್ ಸಾಲು. ಒಂದೊಂದಕ್ಕೂ ಹಿಂದೆ ಎರಡೆರಡು ಟ್ರೇಲರ್, ಮೇಲೆ ಜೋರಾಗಿ ಹಾಡು, ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ, 20ರ ಸ್ಪೀಡಲ್ಲಿ ಅದರ ಹಿಂದೆ ತೆವಳಬೇಕು. ಡೀಸೆಲ್ ಗಾಡಿಯಲ್ಲಿ ಫಸ್ಟು, ಸೆಕೆಂಡು, ಕ್ಲಚ್ಚು ಅಂತ ಕಾಲು ನೋಯಿಸ್ಕೊಳ್ಳೋ ಜಾಗ ಅದು. ಇಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಇವಿ (ಬರೀ ಕರೆಂಟಿನ ಮೇಲೆ ಓಟ) ಅಂತ ಹಸಿರು ದೀಪ, ಇಂಜಿನ್ ಬಂದ್, ಸುಯ್ ಅಂತ ಸಣ್ಣ ಸದ್ದು. ಡ್ರೈವರ್ ಕಾಕಾ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಕೊಂಡು ಅಮೀನಗಡದ ಕರದಂಟು ತಿಂತಾ ಕೂತಿದ್ದರು. ಜಾಗ ಸಿಕ್ಕಿ ಜೋರಾಗಿ ಒತ್ತಿದರೆ ಮಾತ್ರ ಇಂಜಿನ್ ಒಮ್ಮೆಲೇ ಒದರುತ್ತೆ.

ಈಗ ತೊಂದರೆಯ ಕಥೆ. ಬಾದಾಮಿಯಲ್ಲಿ ರಾತ್ರಿ ಉಳಿದಿದ್ವಿ. ನನ್ನ ಸಣ್ಣ ಮಗ ಹಿಂದಿನ ಬಾಗಿಲು ಸರಿಯಾಗಿ ಹಾಕದೆ, ಒಳಗಿನ ದೀಪ ಹಚ್ಚಿಟ್ಟೇ ಬಂದಿದ್ದ. ಬೆಳಗ್ಗೆ ನೋಡಿದರೆ ಗಾಡಿ ಸತ್ತಂಗೆ. ಅಷ್ಟು ದೊಡ್ಡ ಬ್ಯಾಟರಿ ಇದೆಯಲ್ಲ ಅಂತ ನಾನು ಅಂದೆ. ಅದು ಬೇರೆಯಂತೆ. ಒಳಗಿನ ಕಂಪ್ಯೂಟರ್ ಎಚ್ಚರ ಆಗೋಕೆ ಎಲ್ಲ ಕಾರಲ್ಲೂ ಇರೋ 12 ವೋಲ್ಟಿನ ಸಣ್ಣ ಬ್ಯಾಟರಿನೇ ಬೇಕು, ಅದು ಇಳಿದರೆ ದೊಡ್ಡದು ಇದ್ದೂ ಉಪಯೋಗ ಇಲ್ಲ. ಹತ್ತಿರದ ಗ್ಯಾರೇಜಿನ ಹುಡುಗ ಬಂದ, ಬಾನೆಟ್ ಎತ್ತಿದ, ದಪ್ಪ ಕಿತ್ತಳೆ ಬಣ್ಣದ ವೈರು ಕಂಡ ಕೂಡಲೇ ಕೈ ಹಿಂದೆ ತಗೊಂಡ. "ಇದನ್ನ ನಾವು ಮುಟ್ಟಂಗಿಲ್ರೀ ಅಣ್ಣಾರ." ಅವನನ್ನು ಬೈಯೋ ಹಾಗಿಲ್ಲ, ಆ ಕಿತ್ತಳೆ ವೈರು ಅಂದರೇ ಹೈವೋಲ್ಟೇಜ್, ಟ್ರೇನಿಂಗ್ ಇಲ್ಲದೆ ಮುಟ್ಟಲೇಬಾರದು. ಕಡೆಗೆ ಪಕ್ಕದ ಲಾಡ್ಜಿನ ಮುಂದೆ ನಿಂತಿದ್ದ ಟ್ಯಾಕ್ಸಿಯವನು ತನ್ನ ಗಾಡಿ ಬ್ಯಾಟರಿಯಿಂದ ಜಂಪರ್ ಕೇಬಲ್ ಕೊಟ್ಟು ಎಬ್ಬಿಸಿದ. ಎರಡು ತಾಸು ಹೋಯ್ತು. ನಮ್ಮದೇ ತಪ್ಪು, ಆದರೆ ಬಾಡಿಗೆ ಗಾಡಿಯಲ್ಲಿ ಜಂಪರ್ ಕೇಬಲ್ ಇರಬೇಕಿತ್ತಲ್ವಾ?

ಇನ್ನೊಂದು ನಾನು ಕಣ್ಣಾರೆ ನೋಡಿದ್ದು. ಅವ್ವನ ಬುತ್ತಿ ಬ್ಯಾಗನ್ನು ಮುಂದಿನ ಸೀಟಿನ ಕೆಳಗೆ ಒತ್ತಿ ಇಟ್ಟಿದ್ದೆ. ಕಾಕಾ ಅದನ್ನು ತೆಗೆಸಿದರು. ಅಲ್ಲಿ ಬ್ಯಾಟರಿಗೆ ಗಾಳಿ ಹೋಗೋ ಜಾಲರಿ ಇದೆ, ಅದು ಕಟ್ಟಿದರೆ ಬ್ಯಾಟರಿ ಕಾಯುತ್ತೆ, ಕಾಯ್ದಷ್ಟೂ ಆಯಸ್ಸು ಕಮ್ಮಿ. ಬಗ್ಗಿ ನೋಡಿದೆ. ಧೂಳು, ಶೇಂಗಾ ಸಿಪ್ಪೆ, ರೊಟ್ಟಿ ಚೂರು, ಯಾರದೋ ಮಗುವಿನ ಕಾಲ್ಚೀಲ. ಸರ್ವೀಸಿಗೆ ಹೋದಾಗಲೆಲ್ಲ ಫಿಲ್ಟರ್ ತೆಗೆದು ಊದಿಸಬೇಕಂತೆ. ಸ್ವಂತ ಗಾಡಿ ಆದರೆ ಯಾರಾದರೂ ನೋಡ್ಕೋತಾರೆ. ಬಾಡಿಗೆ ಗಾಡಿಯಲ್ಲಿ ದಿನಕ್ಕೊಬ್ಬ ಗಿರಾಕಿ, ಯಾರು ಹೇಳ್ತಾರೆ?

ಇನ್ನು ಲೆಕ್ಕ. ವಾಪಸ್ ಬಂದಾಗ ಒಟ್ಟು 588 ಕಿ.ಮೀ. ಟ್ಯಾಂಕ್ ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಪೆಟ್ರೋಲ್ 33.6 ಲೀಟರ್, ಅಂದರೆ ಲೀಟರಿಗೆ 17.5. ಸ್ಕ್ರೀನು 18.9 ತೋರಿಸ್ತಿತ್ತು, ಕಂಪನಿಯವರು ಹೇಳೋದು 23.24. ಏಳು ಜನ, ಲಗೇಜು, ಪೂರ್ತಿ ಎಸಿ, ಹಳದಿ ಬೋರ್ಡ್ ಅಂತ 80 ದಾಟದಂತೆ ತಡೆಯೋ ಸ್ಪೀಡ್ ಗವರ್ನರ್. ಈ ಗವರ್ನರ್‌ನಿಂದಲೇ ಇಷ್ಟಾದರೂ ಬಂತು ಅನ್ನಿಸುತ್ತೆ, ಜೋರಾಗಿ ಓಡಿಸಿದರೆ ಹೈಬ್ರಿಡ್‌ನ ಲಾಭ ಬೇಗ ಕರಗುತ್ತೆ.

ಪೆಟ್ರೋಲ್ 103ರ ಹತ್ತಿರ ಇತ್ತು, ಡೀಸೆಲ್ 91ರ ಹತ್ತಿರ. ಹೈಬ್ರಿಡ್‌ಗೆ ಕಿಲೋಮೀಟರಿಗೆ ಸುಮಾರು 5.90 ಬಿತ್ತು. ಕ್ರಿಸ್ಟಾ ಲೀಟರಿಗೆ 12 ಕೊಡುತ್ತೆ ಅಂತ ಇಟ್ಕೊಂಡರೆ 7.60. ನಮ್ಮ ಟ್ರಿಪ್ಪಿನಲ್ಲಿ ಮಾಲಕರಿಗೆ ಇಂಧನದಲ್ಲಿ ಉಳಿದಿದ್ದು ಸಾವಿರ ರೂಪಾಯಿ. ಮೂರು ದಿನದ ಕನಿಷ್ಠ 750 ಕಿ.ಮೀ. ಲೆಕ್ಕದಲ್ಲಿ ನಾನು ಜಾಸ್ತಿ ಕೊಟ್ಟಿದ್ದು 2,250. ಓಡಿದ್ದು 588, ದುಡ್ಡು 750ಕ್ಕೆ. ಇದು ಗಾಡಿ ತಪ್ಪಲ್ಲ, ಆದರೂ ಹೊಟ್ಟೆ ಉರಿಯುತ್ತೆ.

ಇದನ್ನೆಲ್ಲ ಚೀಟಿಯಲ್ಲಿ ಬರ್ಕೊಂಡು ಹೋಗಿ ಮಾಲಕರ ಮುಂದೆ ಇಟ್ಟೆ. ಅವರು ಪೆನ್ನು ತಗೊಂಡು ಅದರ ಕೆಳಗೇ ಬರೆದರು. ಗಾಡಿ ಕೊಳ್ಳೋವಾಗ ಡೀಸೆಲ್‌ಗಿಂತ 5 ಲಕ್ಷ ಜಾಸ್ತಿ ಕೊಟ್ಟಿದ್ದಾರೆ. ಕಿಲೋಮೀಟರಿಗೆ 1.70 ಉಳಿಸ್ತಾ ಹೋದರೆ ಆ 5 ಲಕ್ಷ ವಾಪಸ್ ಬರೋಕೆ ಸುಮಾರು 2,94,000 ಕಿ.ಮೀ. ಓಡಬೇಕು. ಹೈಬ್ರಿಡ್ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಮನೆ ಗಾಡಿಗೆ 8 ವರ್ಷ. ತಿಂಗಳಿಗೆ 5,000 ಓಡೋ ಬಾಡಿಗೆ ಗಾಡಿಗೆ ಅದು ಎರಡು ವರ್ಷ ಎಂಟು ತಿಂಗಳು! ಅದಕ್ಕೇ ಆ 3 ರೂಪಾಯಿ. ಅದನ್ನೂ ಸೇರಿಸಿದರೆ ಒಂದು ಲಕ್ಷ ಕಿಲೋಮೀಟರ್ ಚಿಲ್ಲರೆಯಲ್ಲಿ ದುಡ್ಡು ಹುಟ್ಟುತ್ತೆ. ನನಗೆ ಮಾತೇ ಹೊರಡಲಿಲ್ಲ.

ಉಳಿದ ಖರ್ಚು ನಿಜವಾಗಿ ಕಮ್ಮಿ ಅಂತಾರೆ ಅವರೂ. ಕ್ಲಚ್ ಪ್ಲೇಟ್ ಅನ್ನೋದೇ ಇಲ್ಲ. ಮಾಮೂಲಿ ಸ್ಟಾರ್ಟರು, ಆಲ್ಟರ್ನೇಟರು ಇಲ್ಲ. ಬ್ರೇಕಿನ ಅರ್ಧ ಕೆಲಸ ಮೋಟರೇ ಮಾಡೋದರಿಂದ 72,000 ಆದರೂ ಹಳೇ ಪ್ಯಾಡೇ ಇತ್ತು. ಆದರೆ ಕರೆಂಟಿನ ಕಡೆ ಏನಾದರೂ ಕೈ ಕೊಟ್ಟರೆ ಕಂಪನಿ ಸರ್ವೀಸ್ ಸೆಂಟರೇ ಗತಿ, ಗಾಡಿ ಅಲ್ಲಿ ನಿಂತಷ್ಟು ದಿನ ಬಾಡಿಗೆ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲಲ್ಲ. 1,50,000 ಆಗೋದ್ರೊಳಗೆ ಮಾರಿಬಿಡ್ತಾರಂತೆ. ವಾರಂಟಿ ಮುಗಿಯೋಕೆ ಬಂದ ಗಾಡಿ ತಗೊಳ್ಳೋರು ಯಾರು ಅಂದೆ. ನಕ್ಕು ಚಹಾ ತರಿಸಿದರು.

ನನ್ನ ಕಡೆಯಿಂದ ಗಾಡಿಗೆ 5ಕ್ಕೆ 4, ಟ್ರಾವೆಲ್ಸ್‌ಗೆ 3. ಬೆಳಗಾವಿ ಪೇಟೆ ಒಳಗೆ ಓಡಾಟ, ಕಬ್ಬಿನ ಸೀಜನ್ನು, ವಯಸ್ಸಾದವರು ಜೊತೆಗಿದ್ದರೆ ಮತ್ತೆ ಹೈಬ್ರಿಡ್ಡೇ ತಗೋತೀನಿ. ವಿಜಯಪುರದಿಂದ ಬೆಂಗಳೂರಿಗೆ ಹೈವೇ ಮೇಲೆ ನೇರ ಹೋಗೋದಾದರೆ ಡೀಸೆಲ್ ಸಾಕು. ಬುಕ್ ಮಾಡೋವಾಗ ದಿನದ ಕನಿಷ್ಠ ಕಿಲೋಮೀಟರನ್ನು 250ರಿಂದ 200ಕ್ಕೆ ಇಳಿಸೋಕೆ ಕೇಳಿ, ಮುಂದಿನ ಸಲ ಇಳಿಸ್ತೀನಿ ಅಂತ ನನಗೂ ಹೇಳಿದ್ದಾರೆ. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇದೆಯಾ ಅಂತಲೂ ಕೇಳಿ.