ಕಾಣದ ಮಣಿಗೆ ನಾಲ್ಕು ಬದಲಿ: ಲಿವರ್ ರೈಫಲ್‌ನ ಮುಂದಿನ ಸೈಟ್ ಬದಲಾಯಿಸಿ ನೋಡಿದ್ದು

ಟ್ರಿಗರ್ ಕೆಳಗಿನ ಹಿಡಿ ಎಳೆದು ತೋಟಾ ಏರಿಸುವ ನನ್ನ ಲಿವರ್ ರೈಫಲ್ ಬಗ್ಗೆ ನನಗೆ ಯಾವ ದೂರೂ ಇಲ್ಲ, ನಳಿಗೆಯ ತುದಿಯಲ್ಲಿ ಕೂತಿರುವ ಹಿತ್ತಾಳೆ ಮಣಿಯೊಂದನ್ನು ಬಿಟ್ಟು. ಮುಂದಿನ ಸೈಟ್ ಅಂದರೆ ಅದೇ, ಹಿಂದಿನ ಸೈಟಿನ ಸೀಳಿನ ನಡುವಿಗೆ ಅದನ್ನು ತಂದು ಗುರಿ ಹಿಡಿಯೋದು. ಸಾಸಿವೆ ಕಾಳಿನಷ್ಟು ಮಣಿ, ಅದರ ಮೇಲೊಂದು ಉಕ್ಕಿನ ಟೊಪ್ಪಿ ಬೇರೆ. 30ರ ವಯಸ್ಸಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಈಗ 48. ಸಂಜೆ ಹೊತ್ತು ಗುರಿ ಹಿಡಿದರೆ ಮಣಿ ಇದೆ ಅಂತ ನಂಬಿಕೊಂಡು ಟ್ರಿಗರ್ ಎಳೆಯಬೇಕು, ಅಷ್ಟೇ.

ಹಾಗಾಗಿ ಒಂದೊಂದಾಗಿ ಬದಲಾಯಿಸಿ ನೋಡಿದೆ. ಅದೇ ರೈಫಲ್, 20 ಇಂಚು ನಳಿಗೆ, ಅದೇ ಡಬ್ಬದ 30-30 ಅಳತೆಯ ತೋಟಾ, ಮರಳು ಚೀಲದ ಮೇಲೆ ಇಟ್ಟು 50 ಗಜಕ್ಕೆ ಐದೈದು ಗುಂಡು. ಬೆಳಗ್ಗೆ ಓರೆ ಬಿಸಿಲಲ್ಲಿ, ನೆತ್ತಿ ಮೇಲೆ ಸೂರ್ಯ ಇದ್ದಾಗ, ಮತ್ತೆ ಮುಸ್ಸಂಜೆ.

ಮೊದಲನೆಯದು ಖರ್ಚಿಲ್ಲದ್ದು. ಟೊಪ್ಪಿ ಕಿತ್ತೆ, ಮಣಿಗೆ ಬಿಳಿ ನೇಲ್ ಪಾಲಿಶ್ ಹಚ್ಚಿ ಒಣಗಿದ ಮೇಲೆ ಅದರ ಮೇಲೆ ಕಿತ್ತಳೆ ಬಣ್ಣ. ಅಡಿಗೆ ಬಿಳಿ ಬೇಕೇ ಬೇಕು, ಇಲ್ಲದಿದ್ದರೆ ಕಿತ್ತಳೆ ಕಪ್ಪಾಗಿ ಕಾಣುತ್ತದೆ. ಮಧ್ಯಾಹ್ನ ಭಾರಿ ಖುಷಿ ಆಯಿತು. ಬೆಳಗ್ಗೆ ಮಾತ್ರ ಐದೂ ಗುಂಡು ಎಡಕ್ಕೆ ಹೋಗಿ ಕೂತವು. ಸೈಟ್ ಸರಿದಿರಬೇಕು ಅಂತ ಮುಟ್ಟಿ ಮುಟ್ಟಿ ನೋಡಿದೆ, ಅಲ್ಲಾಡುತ್ತಿಲ್ಲ. ಆಮೇಲೆ ಹೊಳೆಯಿತು. ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ಗುಂಡಗಿನ ಮಣಿಯ ಬಲ ಕೆನ್ನೆ ಮಾತ್ರ ಹೊಳೆಯುತ್ತದೆ, ಎಡ ಕೆನ್ನೆ ನೆರಳಲ್ಲಿ ಮಾಯ. ನಾನು ಆ ಹೊಳಪನ್ನೇ ಮಣಿ ಅಂದುಕೊಂಡು ನಡುವಿಗೆ ತಂದಿದ್ದೆ, ನಿಜವಾದ ಮಣಿ ಎಡಕ್ಕೆ ಹೋಗಿತ್ತು. ಬೆಳಕು ಬರುವ ಕಡೆಯಿಂದ ಗುಂಡು ಆಚೆಗೆ ಓಡುತ್ತದೆ, ಇದು ಉಬ್ಬು ಮಣಿಗಳ ಹಳೇ ಚಾಳಿ. ಟೊಪ್ಪಿ ಇದ್ದದ್ದೇ ಈ ಕಾಟ ತಪ್ಪಿಸೋದಕ್ಕೆ ಅಂತ ಕಿತ್ತ ಮೇಲೆ ಗೊತ್ತಾಯಿತು! ಬಣ್ಣವಂತೂ ನಳಿಗೆ ಶುಚಿ ಮಾಡುವ ದ್ರಾವಣ ತಾಗಿ ಎರಡೇ ವಾರಕ್ಕೆ ಎದ್ದು ಹೋಯಿತು.

ಎರಡನೆಯದು ದೊಡ್ಡ ಬಿಳಿ ಮಣಿ. ಹಳೆಯದು 1/16 ಇಂಚು, ಇದು 3/32. ಕೇಳೋದಕ್ಕೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ನನ್ನ ಕಣ್ಣಿಗೂ ಮುಂದಿನ ಸೈಟಿಗೂ ಸುಮಾರು 32 ಇಂಚು ದೂರ. ಆ ಲೆಕ್ಕಕ್ಕೆ ಹಳೇ ಮಣಿ 100 ಗಜದಲ್ಲಿ 7 ಇಂಚು ಜಾಗ ಮುಚ್ಚುತ್ತದೆ, ಹೊಸದು ಹತ್ತೂವರೆ ಇಂಚು. ಇದರ ಎದೆ ಚಪ್ಪಟೆ, ಆದ್ದರಿಂದ ಎಡಕ್ಕೆ ಓಡುವ ಚಾಳಿ ಇಲ್ಲ. ರೈಫಲ್ ಎತ್ತಿದ ಕೂಡಲೇ ಕಣ್ಣಿಗೆ ಸಿಗುತ್ತದೆ. ಆದರೆ ಬಿಳಿ ಕಾಗದದ ಮೇಲೆ ಬಿಳಿ ಮಣಿ ಹುಡುಕೋದು ಹಾಲಲ್ಲಿ ಸುಣ್ಣ ಹುಡುಕಿದ ಹಾಗೆ. ಒಣ ಹುಲ್ಲಿನ ಮುಂದೆಯೂ ಅದೇ ಕಥೆ.

ಮೂರನೆಯದು ಎಲ್ಲರೂ ಹೇಳುವ ಫೈಬರ್ ಆಪ್ಟಿಕ್. ಬಣ್ಣದ ಪ್ಲಾಸ್ಟಿಕ್ ಕಡ್ಡಿ, ಮೈಯಿಂದ ಬೆಳಕು ಹೀರಿ ತುದಿಯಲ್ಲಿ ಉಗುಳುತ್ತದೆ. ಬ್ಯಾಟರಿ ಏನೂ ಇಲ್ಲ. ಹಾಕಿದ ಮೊದಲ ದಿನ ಮೋಡ ಕವಿದಿತ್ತು, ಆ ಕೆಂಪು ಚುಕ್ಕಿ ನೋಡಿ ಇನ್ನು ಹುಡುಕಾಟ ಮುಗಿಯಿತು ಅಂದುಕೊಂಡೆ. ಮಾರನೇ ದಿನ ಸುಡು ಬಿಸಿಲು. ಚುಕ್ಕಿ ಊದಿಕೊಂಡು ಅಂಚೇ ಇಲ್ಲದ ಕೆಂಪು ಉರಿ ಆಯಿತು. ಕಣ್ಣಿಗೆ ಚೆನ್ನಾಗಿ ಕಾಣುತ್ತಿದೆ, ಆದರೆ ಅದರ ತಲೆ ಎಲ್ಲಿ ಮುಗಿಯಿತು ಅಂತ ಹೇಳೋದಕ್ಕೆ ಆಗುತ್ತಿಲ್ಲ. ಗುಂಡುಗಳು ಮೇಲೆ ಕೆಳಗೆ ಹರಡಿ ಮೂರೂವರೆ ಇಂಚಿನ ಸಾಲಾದವು. ಜೊತೆಗಿದ್ದ ಗೆಳೆಯ "ಏನ್ ಗುರು, ಏಣಿ ಬರೀತಿದ್ದೀಯಾ?" ಅಂದ. ಮುಸ್ಸಂಜೆಗೆ ಮಾತ್ರ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಹೀರೋದಕ್ಕೆ ಅಷ್ಟಿಷ್ಟು ಬೆಳಕು ಇರುವ ತನಕ. ತಗೊಳ್ಳೋದಾದರೆ ಕಡ್ಡಿಯ ಸುತ್ತ ಉಕ್ಕಿನ ಚೌಕಟ್ಟು ಇರುವುದನ್ನೇ ತಗೊಳ್ಳಿ.

ಈ ಹೊತ್ತಿಗೆ ನನಗೆ ಅನುಮಾನ ಬಂದಿತ್ತು, ತಪ್ಪು ಮಣಿಯದ್ದಾ ಕಣ್ಣಿನದ್ದಾ ಅಂತ. ಕಪ್ಪು ಟೇಪಿಗೆ ಸೂಜಿಯಲ್ಲಿ ತೂತು ಮಾಡಿ ಕನ್ನಡಕಕ್ಕೆ ಅಂಟಿಸಿ ಖಾಲಿ ರೈಫಲ್ ಎತ್ತಿ ನೋಡಿದೆ. ಆ ಹಳೇ ಸಾಸಿವೆ ಮಣಿಯೇ ಗೆರೆ ಕೊರೆದ ಹಾಗೆ ಕಂಡಿತು! 40 ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತದೆ, ಹತ್ತಿರದ್ದಕ್ಕೆ ಹೊಂದಿಕೊಳ್ಳೋದಿಲ್ಲ. ಸಣ್ಣ ತೂತು ಆ ಕೊರತೆ ಮುಚ್ಚಿಕೊಡುತ್ತದೆ. ಅಂದರೆ ನನಗೆ ಬೇಕಾಗಿದ್ದು ಜಾಸ್ತಿ ಬೆಳಕಲ್ಲ, ಚೂಪಾದ ಅಂಚು.

ಹೀಗೆ ನಾಲ್ಕನೆಯದಕ್ಕೆ ಬಂದೆ: ಮಣಿಯ ಬದಲು ತಲೆ ಚಪ್ಪಟೆಯಾದ ಕಪ್ಪು ಪೋಸ್ಟ್, ಅಂದರೆ ಪುಟ್ಟ ಕಂಬ, ಅದರ ನಡುವೆ ಉದ್ದಕ್ಕೆ ಒಂದು ಬಿಳಿ ಗೆರೆ, ಹಿಂದೆ ರಿಸೀವರ್ (ನಳಿಗೆ ಹಿಂದಿನ ಲೋಹದ ಒಡಲು) ಮೇಲೆ ಸಣ್ಣ ತೂತಿನ ಉಂಗುರ ಸೈಟ್. ಉಂಗುರವನ್ನು ನೋಡಬಾರದು, ಅದರ ಮೂಲಕ ನೋಡಬೇಕು. ಪೋಸ್ಟನ್ನು ನಡುವಿಗೆ ತರುವ ಕೆಲಸ ಕಣ್ಣು ತಾನಾಗಿಯೇ ಮಾಡುತ್ತದೆ. ಮೊದಲು ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಅಂತ ಮೂರರ ಜೊತೆ ಗುದ್ದಾಡಬೇಕಿತ್ತು, ಈಗ ಎರಡೇ. ಮಧ್ಯಾಹ್ನದ ಐದು ಗುಂಡು ಎರಡು ಇಂಚಿನೊಳಗೆ ಬಂದವು, ಬೆಳಗ್ಗೆಯದ್ದೂ ಹೆಚ್ಚು ಕಡಿಮೆ ಅಷ್ಟೇ. ಮುಸ್ಸಂಜೆಗೆ ಬಿಳಿ ಗೆರೆ ಫೈಬರಿಗಿಂತ ಹತ್ತು ನಿಮಿಷ ಮೊದಲೇ ಕೈಕೊಡುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಒಂದು ತೊಡಕಿದೆ. ಉಂಗುರ ಹಳೇ ಹಿಂದಿನ ಸೈಟಿಗಿಂತ ಎತ್ತರದಲ್ಲಿ ಕೂರುತ್ತದೆ, ಆದ್ದರಿಂದ ಹಳೇ ಮಣಿಯನ್ನೇ ಉಳಿಸಿಕೊಂಡು ಹೊಡೆದರೆ ಗುಂಡು ಮೇಲೆ ಹೋಗುತ್ತದೆ. ನನ್ನದು 50 ಗಜಕ್ಕೆ 6 ಇಂಚು ಮೇಲೆ ಹೋಯಿತು. ಮುಂದಿನ ಸೈಟ್ ಎತ್ತರ ಮಾಡಿದರೆ ಗುಂಡು ಇಳಿಯುತ್ತದೆ. ಎಷ್ಟು ಅನ್ನೋದಕ್ಕೆ ಸುಲಭದ ಲೆಕ್ಕ: ಎರಡು ಸೈಟುಗಳ ನಡುವಿನ ದೂರ ಗುಣಿಸು ತಪ್ಪಿದ ಇಂಚು, ಭಾಗಿಸು ಗುರಿಯ ದೂರ. 24 ಇಂಚು, 6 ಇಂಚು, 50 ಗಜಕ್ಕೆ 1800 ಇಂಚು. ಉತ್ತರ 0.08 ಇಂಚು. ಪೋಸ್ಟ್ ತರಿಸುವಾಗ ಅಷ್ಟು ಎತ್ತರ ಸೇರಿಸಿ, ಒಂದು ಕೂದಲೆಳೆ ಜಾಸ್ತಿಯೇ ಇರಲಿ. ಅರದಲ್ಲಿ ಉಜ್ಜಿ ತಗ್ಗಿಸಬಹುದು, ಬೆಳೆಸೋದಕ್ಕೆ ಆಗೋದಿಲ್ಲ.

ಇನ್ನು ಬಿಚ್ಚಿ ಹಾಕುವ ಕೆಲಸ. ಮೊದಲು ತೋಟಾ ತೆಗೆಯಿರಿ, ಗುಂಡು ಹಾರುವ ಮುನ್ನ ತೋಟಾ ಕೂರುವ ಚೇಂಬರ್ ಅಷ್ಟೇ ಅಲ್ಲ, ನಳಿಗೆ ಕೆಳಗಿನ ಕೊಳವೆಯನ್ನೂ ನೋಡಿ. ಕೊಳವೆಯಲ್ಲಿ ಒಂದು ತೋಟಾ ಸಿಕ್ಕಿಕೊಂಡು ಉಳಿಯೋದುಂಟು. ಈ ಸೈಟುಗಳು ಅಡ್ಡಲಾಗಿ ಕೊರೆದ, ಬುಡ ಅಗಲ ಬಾಯಿ ಕಿರಿದಾದ ಡವ್‌ಟೇಲ್ ಕಚ್ಚಿನಲ್ಲಿ ಬಿಗಿಯಾಗಿ ಕೂತಿರುತ್ತವೆ. ರೈಫಲ್‌ನ ಹಿಂಬದಿ (ಬಟ್ಟು) ಹಿಡಿದು ನಿಂತವರ ಎಡಗಡೆಯಿಂದ ಬಲಕ್ಕೆ ಹೊಡೆದು ತೆಗೆಯೋದು, ಬಲದಿಂದ ಎಡಕ್ಕೆ ಕೂರಿಸೋದು, ಇದು ಮೊದಲಿಂದ ನಡೆದುಕೊಂಡು ಬಂದ ಪದ್ಧತಿ. ಸುತ್ತಿಗೆ ಏಟು ತಾಗಿಸೋದಕ್ಕೆ ಹಿತ್ತಾಳೆ ಪಂಚ್ (ಕಡ್ಡಿ) ಬಳಸಿ. ಹೊಸದು ಬಿಗಿಯಾದರೆ ಸೈಟಿನ ಅಡಿಯನ್ನು ಉಜ್ಜಿ, ಕಚ್ಚನ್ನು ಮುಟ್ಟಬೇಡಿ. ಸೈಟ್ ಕೆಟ್ಟರೆ ಇನ್ನೊಂದು ಸಿಗುತ್ತದೆ, ಕಚ್ಚು ಸಡಿಲವಾದರೆ ಮುಗಿಯಿತು. ನನ್ನ ರೈಫಲ್‌ನಲ್ಲಿ ಈ ಕಚ್ಚು ಇರುವುದು ಎರಡು ಸ್ಕ್ರೂ ಹಾಕಿ ನಳಿಗೆಗೆ ಕೂರಿಸಿದ ದಿಬ್ಬದ ಮೇಲೆ. ಮೊದಲ ಸಲ ಸೋಮಾರಿತನಕ್ಕೆ ರೈಫಲ್ಲನ್ನು ತೊಡೆ ಮೇಲೆ ಇಟ್ಟುಕೊಂಡು ಸುತ್ತಿಗೆ ಬೀಸಿದೆ. ಮಣಿ ಅಲ್ಲಾಡಲಿಲ್ಲ, ಪಂಚ್ ಜಾರಿತು, ಒಂದು ಸ್ಕ್ರೂ ಸಡಿಲವಾಯಿತು, ದಿಬ್ಬದ ಪಕ್ಕ ಬೆರಳುಗುರಿನಷ್ಟು ಉದ್ದ ನೀಲಿ ಮೆರುಗು ಕೆತ್ತಿ ಹೋಯಿತು. ಅದು ಈಗಲೂ ಇದೆ.

ಸದ್ಯಕ್ಕೆ ನನ್ನ ರೈಫಲ್ ಮೇಲೆ ಇರುವುದು ಬಿಳಿ ಗೆರೆಯ ಪೋಸ್ಟ್. ಕಣ್ಣು ಚೆನ್ನಾಗಿದ್ದು ಮುಸ್ಸಂಜೆಗೇ ಜಾಸ್ತಿ ಹೊರಡುವವರು ಫೈಬರ್ ಹಾಕಿಕೊಳ್ಳಲಿ, ನಾನು ಬೇಡ ಅನ್ನೋದಿಲ್ಲ. ದೊಡ್ಡ ಬಿಳಿ ಮಣಿ ಹತ್ತಿರದ ಹೊಡೆತಕ್ಕೆ ಸರಿ, 100 ಗಜಕ್ಕೆ ಬೇಡ. ನೇಲ್ ಪಾಲಿಶ್ ಸುಮ್ನೆ ಒಂದು ಸಲ ಹಚ್ಚಿ ನೋಡಿ, ಯಾವ ಬಣ್ಣ ನಿಮ್ಮ ಕಣ್ಣಿಗೆ ಹಿಡಿಸುತ್ತದೆ ಅನ್ನೋದಾದರೂ ತಿಳಿಯುತ್ತದೆ. ನನ್ನ ಫೈಬರನ್ನು ಏಣಿ ಅಂದ ಆ ಗೆಳೆಯನೇ ಕೇಳಿ ತಗೊಂಡ, ಅವನಿಗಿನ್ನೂ 32. ಭಾನುವಾರ ಅವನ ರೈಫಲ್ಲಿಗೆ ಕೂರಿಸಬೇಕು. ರೈಫಲ್ ಕಚ್ಚಿ ಹಿಡಿಯೋದಕ್ಕೆ ವೈಸ್ ತರ್ತೀನಿ, ತೊಡೆ ಮೇಲೆ ಬೇಡ ಅಂತ ಅವನೇ ಹೇಳಿದ್ದಾನೆ.