ಮನೆಯಲ್ಲೇ ಲಿಪ್ ಬಾಮ್: ಮೂರು ಮೇಣಗಳಲ್ಲಿ ಯಾವುದು ತರಬೇಕು?

ಬೆಂಗಳೂರಿನಲ್ಲಿ ಸೋಪು, ಕಾಸ್ಮೆಟಿಕ್ಸ್ ತಯಾರಿಸುವ ಕಚ್ಚಾ ಸಾಮಾನಿನ ಅಂಗಡಿಗೆ ಹೋದರೆ ಜೇನುಮೇಣ, ಕ್ಯಾಂಡೆಲಿಲ್ಲಾ, ಕಾರ್ನೌಬಾ ಎಂದು ಮೂರು ಬಗೆ ಮುಂದಿಡುತ್ತಾರೆ. ಮೊದಲ ಸಲ ಮಾಡುವವರು ಹಳದಿ ಜೇನುಮೇಣದ ಗಟ್ಟಿಯನ್ನೇ ತನ್ನಿ. ಅದೇ ಮೇಣದ ಬಿಳಿ ಕಾಳು ತೂಗಲು ಸುಲಭ, ಆದರೆ ಬಣ್ಣದ ಜೊತೆ ಜೇನುಗೂಡಿನ ವಾಸನೆಯೂ ಹೋಗಿರುತ್ತದೆ, ಕಲಬೆರಕೆ ಗೊತ್ತಾಗುವುದು ಕಷ್ಟ. ಒಂದು ಚೂರನ್ನು ಬೆರಳುಗಳ ನಡುವೆ ಎರಡು ನಿಮಿಷ ಹಿಸುಕಿ: ಒಳ್ಳೆಯ ಮೇಣ ಮೆತ್ತಗಾಗಿ ಕಣಕದಂತೆ ಉಂಡೆಯಾಗುತ್ತದೆ, ಪ್ಯಾರಾಫಿನ್ (ಪೆಟ್ರೋಲಿಯಂ ಮೇಣ) ಹೆಚ್ಚು ಬೆರೆತದ್ದು ಪುಡಿಯಾಗುತ್ತದೆ. ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಕೂತಿದ್ದರೆ ಅದು ಬೂಷ್ಟಲ್ಲ, ಒರೆಸಿ ಬಳಸಬಹುದು.

20 ಗ್ರಾಂ ಬಾಮ್‌ಗೆ ತುರಿದ ಜೇನುಮೇಣ 4, ಮುರುಗಲು ತುಪ್ಪ (ಕೋಕಂ ಬೆಣ್ಣೆ) 5, ಕೊಬ್ಬರಿ ಎಣ್ಣೆ 5, ಬಾದಾಮಿ ಎಣ್ಣೆ 3, ಹರಳೆಣ್ಣೆ 3 ಗ್ರಾಂ. ಚಮಚದ ಅಳತೆ ಬೇಡ, ಗ್ರಾಂ ತಕ್ಕಡಿಯೇ ಬೇಕು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟರೆ ಸಾಕು. ನೇರ ಉರಿಗೆ ಇಟ್ಟರೆ ಮೇಣ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಸುರಿಯುವ ಮೊದಲು ಫ್ರಿಜ್‌ನಲ್ಲಿಟ್ಟ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ. ಉಗುರಿನಿಂದ ಗೀರಿದರೆ ನುಣುಪಾಗಿ ಏಳಬೇಕು. ಹೆಪ್ಪುಗಟ್ಟುವಾಗ ಮೇಣ ಕುಗ್ಗಿ ಡಬ್ಬಿಯ ನಡುವೆ ಗುಳಿ ಬೀಳುತ್ತದೆ, ಅದಕ್ಕೇ ಸ್ವಲ್ಪ ಉಳಿಸಿಕೊಂಡು ಕೊನೆಗೆ ತುಂಬಿ.

ಈ ಊರಿನ ಡಿಸೆಂಬರ್ ಬೆಳಗ್ಗೆಗೆ 4 ಗ್ರಾಂ ಸರಿ. ಏಪ್ರಿಲ್‌ನಲ್ಲಿ, ಸ್ಕೂಟರ್ ಡಿಕ್ಕಿಯಲ್ಲಿ ಇಡುವವರಾದರೆ, ಮೇಣ 5 ಮಾಡಿ ಕೊಬ್ಬರಿ ಎಣ್ಣೆ 4ಕ್ಕೆ ಇಳಿಸಿ. ಮುರುಗಲು ತುಪ್ಪದ ಬದಲು ಆಫ್ರಿಕಾದ ಮರವೊಂದರ ಬೀಜದಿಂದ ಬರುವ ಶಿಯಾ ಬೆಣ್ಣೆ ಹಾಕಿ ನಿಧಾನವಾಗಿ ಆರಲು ಬಿಟ್ಟರೆ ರವೆರವೆಯಾಗುತ್ತದೆ. ಅದರ ಕೊಬ್ಬುಗಳು ಬೇರೆಬೇರೆ ಹೊತ್ತಿಗೆ ಗಟ್ಟಿಯಾಗುವುದೇ ಕಾರಣ. ಮತ್ತೆ ಕರಗಿಸಿ ಫ್ರಿಜ್‌ನಲ್ಲಿ ಬೇಗ ತಣಿಸಿ.

ಜೇನುಹುಳುವಿನದು ಬೇಡ ಎನ್ನುವವರಿಗೆ ಮೆಕ್ಸಿಕೋದ ಗಿಡದಿಂದ ಬರುವ ಕ್ಯಾಂಡೆಲಿಲ್ಲಾ ಒಳ್ಳೆಯ ಆಯ್ಕೆ. ಅದು ಹೆಚ್ಚು ಗಟ್ಟಿ, ಆದ್ದರಿಂದ 2ರಿಂದ 2.5 ಗ್ರಾಂ ಸಾಕು, ತೂಕದ ಕೊರತೆಯನ್ನು ಎಣ್ಣೆಯಿಂದ ತುಂಬಿ. ಜೇನುಮೇಣದಷ್ಟೇ ಹಾಕಿದರೆ ಬಾಮ್ ತುಟಿಯ ಮೇಲೆ ಜಾರುವುದೇ ಇಲ್ಲ. ಬ್ರೆಜಿಲ್‌ನ ತಾಳೆಜಾತಿಯ ಎಲೆಯಿಂದ ತೆಗೆಯುವ ಕಾರ್ನೌಬಾವನ್ನು ಒಂಟಿಯಾಗಿ ಬಳಸಬೇಡಿ, ಬಾಮ್ ಪೆಡಸಾಗುತ್ತದೆ. ಲಿಪ್‌ಸ್ಟಿಕ್‌ಗೆ ಅರ್ಧ ಗ್ರಾಂ ಬೆರೆಸಿದರೆ ಹೊಳಪೂ ಬಿಗಿಯೂ ಬರುತ್ತದೆ. ಕರಗಲು 82 ಡಿಗ್ರಿಗೂ ಮೇಲೆ ಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97ಕ್ಕೆ, ಹಾಗಾಗಿ ನೀರು ಚೆನ್ನಾಗಿ ಕುದಿಯುತ್ತಿರಲಿ. ಕಾರ್ನೌಬಾವನ್ನು ಹರಳೆಣ್ಣೆಯ ಜೊತೆ ಮೊದಲು ಕರಗಿಸಿ, ಉಳಿದ ಎಣ್ಣೆಗಳನ್ನು ಬಿಸಿ ಮಾಡಿಯೇ ಸೇರಿಸಿ, ತಣ್ಣಗಿದ್ದರೆ ಕಾಳುಕಾಳಾಗುತ್ತದೆ.

ಯಾವ ಮೇಣವಾದರೂ ಲೋಳೆಸರ, ಗುಲಾಬಿ ನೀರು ಬೆರೆಸಲು ಹೋಗಬೇಡಿ. ನೀರು ಬೇರ್ಪಟ್ಟು ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ವಿಟಮಿನ್ ಇ ಎಣ್ಣೆ ಕಮಟುವುದನ್ನು ತಡೆಯಬಹುದೇ ಹೊರತು ಬೂಷ್ಟನ್ನಲ್ಲ.